ಸ್ವಲ್ಪ ಸರಕು ಮಾತ್ರ

ಸೊಬಲೆಕ್, 14 ಮಾರ್ಚ್ 2017

ಕ್ಯಾಪ್ಟನ್ ಡಮಾರಿಸ್ ಪಲಿಂಬೋಂಗ್ ಅವರಿಗೆ,

ನಾನು ಡೊರ್ಟಿಯಾ ಪಹಬೋಲ್, ಸೊಬಲೆಕ್ ಶಾಲೆಯ ಟೀಚರ್. ಕಳೆದ ಗುರುವಾರ ವಾಮೆನಾದಿಂದ ನಮ್ಮೂರಿಗೆ ಹೊರಟ ನಿಮ್ಮ ವಿಮಾನದಲ್ಲಿ ನನ್ನ ತಮ್ಮ ಎಸ್ರೋನ್ ಇದ್ದ. ಪ್ರಯಾಣಿಕರ ಪಟ್ಟಿಯಲ್ಲಿ ಹುಡುಕಬೇಡಿ. ಅವನು ಪೆಟ್ಟಿಗೆಯೊಳಗಿದ್ದ.

ಕರಾವಳಿಯ ಜಯಪುರದ ಆಸ್ಪತ್ರೆಯಲ್ಲಿ ಕ್ಷಯದಿಂದ ತೀರಿಕೊಂಡ. ನಮ್ಮ ಸೋದರಮಾವ ನೆಹೆಮ್ಯ ಹೋಗಿ ಅವನನ್ನು ಕರೆತರುತ್ತಿದ್ದ. ನಾವು ಬೆಳಗಿನಿಂದ ರನ್‌ವೇ ಪಕ್ಕದಲ್ಲಿ ತಿಥಿಯೂಟ ಬೇಯಿಸಲು ಕಲ್ಲು ಕಾಯಿಸಿಕೊಂಡು ಕೂತಿದ್ದೆವು. ಗೆಣಸು, ಸೊಪ್ಪು, ಕೊಯ್ದ ಹಂದಿ ಎಲ್ಲವನ್ನೂ ಬಾಳೆಲೆಯಲ್ಲಿ ಸುತ್ತಿಟ್ಟಿದ್ದೆವು. ಅವ್ವ ಸೂತಕಕ್ಕೆಂದು ಮೈಗೆಲ್ಲ ಕೆಸರು ಬಳಿದುಕೊಂಡು ಆಕಾಶ ನೋಡುತ್ತಿದ್ದಳು. ಕಲ್ಲು ಆರಿತು. ವಿಮಾನ ಬರಲಿಲ್ಲ. ಸಂಜೆ ರೇಡಿಯೊದಲ್ಲಿ ಹೇಳಿದರು: ಎಂಜಿನ್ ಕೆಟ್ಟಿತು, ಕ್ಯಾಪ್ಟನ್ ಮೇಡಂ ಜಾಣತನದಿಂದ ತಗ್ಗಿನ ಪೇಟೆಯಲ್ಲಿ ಇಳಿಸಿದರು, ಪ್ರಯಾಣಿಕರೆಲ್ಲ ಕ್ಷೇಮ, ಸ್ವಲ್ಪ ಸರಕು ಮಾತ್ರ ಹೊರಗೆ ಎಸೆಯಬೇಕಾಯಿತು. ಊರೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ನಿನ್ನೆ ಮಾವ ಕಾಲುನಡಿಗೆಯಲ್ಲಿ ಬಂದು ಸೇರಿದ. ಕೈಯಲ್ಲಿ ಏನೂ ಇಲ್ಲ. ಅವ್ವ ಕೇಳಿದಳು, "ಹುಡುಗ ಎಲ್ಲೋ?"

"ಕೆಳಗೆ ಹಾಕಿದ್ರು, ಅಕ್ಕ."

"ಕೆಳಗೆ ಅಂದ್ರೆ? ತಗ್ಗಿನ ಪೇಟೇಲಾ?"

"ಅಲ್ಲ. ದಾರೀಲಿ. ಮೇಲಿಂದ."

ಯಾರು ಹಾಕಿದರು, ಎಲ್ಲಿ ಹಾಕಿದರು ಎಂದು ಎಷ್ಟು ಕೇಳಿದರೂ ಅವನಿಗೆ ಹೇಳಲಾಗುತ್ತಿಲ್ಲ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದನಂತೆ, ಕಿಟಕಿಯ ಆಚೆ ಬರೀ ಮೋಡವಂತೆ.

ಈ ಬೆಟ್ಟದವರು ಕಾಗದ ಬರೆದರೆ ಪರಿಹಾರ ಕೇಳುವುದಕ್ಕೇ ಎಂದು ನಿಮ್ಮ ಆಫೀಸಿನವರು ಅಂದುಕೊಳ್ಳುತ್ತಾರೆ. ನನಗೆ ಹಂದಿಯೂ ಬೇಡ, ದುಡ್ಡೂ ಬೇಡ. ನನ್ನ ತಮ್ಮ ಎಲ್ಲಿ ಬಿದ್ದಿದ್ದಾನೆ? ಅಷ್ಟು ಹೇಳಿ. ಹೋಗಿ ತರುತ್ತೇವೆ.

ಡೊರ್ಟಿಯಾ

*

ವಾಮೆನಾ, 28 ಮಾರ್ಚ್ 2017

ಟೀಚರ್ ಡೊರ್ಟಿಯಾ ಪಹಬೋಲ್ ಅವರಿಗೆ,

ನಿಮ್ಮ ಪತ್ರ ತಲುಪಿತು. ನಿಮ್ಮ ಕುಟುಂಬದ ದುಃಖದಲ್ಲಿ ಕಂಪನಿಯೂ ನಾನೂ ಭಾಗಿಗಳು.

ಹಾರಾಟದ ನಡುವೆ ಎಂಜಿನ್ ನಿಂತಾಗ ಪ್ರಯಾಣಿಕರ ಜೀವ ಉಳಿಸಲು ಭಾರ ಇಳಿಸುವ ಅಧಿಕಾರ ಕ್ಯಾಪ್ಟನ್‌ಗೆ ಇದೆ. ಆ ದಿನ ಅದನ್ನು ಬಳಸಬೇಕಾಯಿತು. ವಿಷಯ ತನಿಖೆಯಲ್ಲಿರುವುದರಿಂದ ಹೆಚ್ಚು ಬರೆಯುವಂತಿಲ್ಲ. ಜಾಗದ ಬಗ್ಗೆ ಕಂಪನಿಯ ಪ್ರಕಟಣೆಯನ್ನು ನೋಡಬಹುದು. ವಿಮಾನ ಉತ್ತರದ ದಾರಿಯಲ್ಲಿತ್ತು ಎಂದು ಅದರಲ್ಲಿ ಇದೆ.

ನಿಮ್ಮ ತಮ್ಮನ ಆತ್ಮಕ್ಕೆ ಶಾಂತಿ ಸಿಗಲಿ.

ಡಮಾರಿಸ್ ಪಲಿಂಬೋಂಗ್

*

ಸೊಬಲೆಕ್, 10 ಏಪ್ರಿಲ್ 2017

ಕ್ಯಾಪ್ಟನ್ ಮೇಡಂ,

ನಿಮ್ಮ ಪತ್ರ ಓದಿ ಹೇಳು ಎಂದಳು ಅವ್ವ. ಓದಿದೆ. "ಇದು ಯಾರ ಮಾತು?" ಎಂದು ಕೇಳಿದಳು. ನಿಮ್ಮದೇ ಎಂದೆ. "ಅಲ್ಲ, ಇದು ಸೀಲಿನ ಮಾತು" ಎಂದಳು.

ಪತ್ರದ ಜೊತೆ ಯಾರೋ ವಾಮೆನಾದ ಪೇಪರನ್ನೂ ಕಳಿಸಿದ್ದಾರೆ. ಅದರಲ್ಲಿ ನಿಮ್ಮ ಫೋಟೊ. ಕುತ್ತಿಗೆಯಲ್ಲಿ ಹೂಮಾಲೆ. ಕೆಳಗೆ ಮತ್ತೆ ಅದೇ ಸಾಲು, ಸ್ವಲ್ಪ ಸರಕು ಮಾತ್ರ ನಷ್ಟ. ನನ್ನ ತಮ್ಮ ಜಯಪುರದ ಬಂದರಿನಲ್ಲಿ ಆರು ವರ್ಷ ಮೂಟೆ ಹೊತ್ತ. ಮೂಟೆ ಹೊತ್ತವನನ್ನು ನೀವು ಮೂಟೆ ಮಾಡಿದಿರಿ. ಅವನು ಇದ್ದಿದ್ದರೆ ನಗುತ್ತಿದ್ದ. "ನೋಡಕ್ಕ, ಕೊನೆಗೂ ನನ್ನನ್ನ ಯಾರೋ ಹೊತ್ರು, ಅದೂ ಪೂರ್ತಿ ಹೊರಲಿಲ್ಲ" ಎನ್ನುತ್ತಿದ್ದ. ನನಗೆ ಆ ಗುಣ ಇಲ್ಲ. ನನಗೆ ನಗು ಬರುವುದಿಲ್ಲ.

ಪಲಿಂಬೋಂಗ್ ಎಂಬ ಹೆಸರೆಂದರೆ ನೀವು ಸಮುದ್ರದಾಚೆಯ ತೊರಾಜದವರು. ನಾನು ವಾಮೆನಾದಲ್ಲಿ ಓದುವಾಗ ನಮ್ಮ ಹಾಸ್ಟೆಲಿನ ಮೇಲ್ವಿಚಾರಕಿಯೂ ತೊರಾಜದವರು. ನಿಮ್ಮಲ್ಲಿ ಸತ್ತವರನ್ನು ವರ್ಷಗಟ್ಟಲೆ ಮನೆಯಲ್ಲೇ ಮಲಗಿಸಿಕೊಂಡು ಊಟ ಬಡಿಸುತ್ತೀರಂತೆ, ಹೊಸ ಬಟ್ಟೆ ಉಡಿಸುತ್ತೀರಂತೆ. ನಿಮ್ಮ ಸತ್ತವರಿಗೆ ಊಟ, ನಮ್ಮ ಸತ್ತವರಿಗೆ ಬಾಗಿಲು. ಚೆನ್ನಾಗಿದೆ ಮೇಡಂ.

ಅವನ ಪೆಟ್ಟಿಗೆಯ ಹಗ್ಗ ಬಿಚ್ಚಿದ ಕೈ ಯಾರದು? ಅದನ್ನೂ ಬರೆಯಿರಿ.

ರನ್‌ವೇಗೆ ಮರದ ದಿಮ್ಮಿ ಅಡ್ಡ ಹಾಕಿದ್ದೇವೆ. ಮೊದಲ ದಿಮ್ಮಿ ಎಳೆದವಳು ನಾನೇ. ಎಸ್ರೋನ್ ಸಿಗುವವರೆಗೆ ನಿಮ್ಮ ಕಂಪನಿಯದಾಗಲಿ ಇನ್ನೊಬ್ಬರದಾಗಲಿ ಒಂದು ಚಕ್ರವೂ ಇಲ್ಲಿ ಇಳಿಯುವುದಿಲ್ಲ. ನಾಳೆ ಊರಿನ ಗಂಡಸರೆಲ್ಲ ಉತ್ತರದ ದಾರಿಯ ಕಾಡಿಗೆ ಹೊರಡುತ್ತಾರೆ, ನಿಮ್ಮ ಪ್ರಕಟಣೆ ಹೇಳಿದ ಜಾಗಕ್ಕೆ.

ಡೊರ್ಟಿಯಾ

*

ವಾಮೆನಾ, 2 ಮೇ 2017

ಟೀಚರ್,

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಆದ್ದರಿಂದ ಆಫೀಸಿಗೆ ತೋರಿಸದೆ ಬರೆಯುತ್ತಿದ್ದೇನೆ. ಇದಕ್ಕೆ ಸೀಲಿಲ್ಲ.

ಬಾಗಿಲು ಎಂದಿರಿ. ಆ ಬಾಗಿಲು ತೆರೆಯುವ ಮೊದಲು ಏನಾಯಿತು ಎಂಬುದನ್ನೂ ಕೇಳಿ.

ನಾವು ಹನ್ನೆರಡು ಸಾವಿರ ಅಡಿ ದಾಟಿದ್ದೆವು. ಅಲ್ಲಿ ಗಾಳಿ ತೆಳು. ಮನುಷ್ಯನಿಗೂ ಸಾಲದು, ಎಂಜಿನ್ನಿಗೂ ಸಾಲದು. ಬಲಗಡೆಯ ಎಂಜಿನ್ ಸುಮ್ಮನೆ ನಿಂತುಹೋಯಿತು. ಹೊಗೆಯಿಲ್ಲ, ಬೆಂಕಿಯಿಲ್ಲ. ವಿಮಾನದ ಮೂತಿ ಬಲಕ್ಕೆ ಎಳೆಯಿತು, ನನ್ನ ಎಡಗಾಲು ತಾನಾಗಿ ಪೆಡಲ್ ತುಳಿಯಿತು. ಇಂಥ ಹೊತ್ತಿನಲ್ಲಿ ಕೈ ಅವಸರ ಮಾಡುತ್ತದೆ. ಅವಸರದಲ್ಲಿ ಉಳಿದ ಎಂಜಿನ್ನನ್ನೇ ಆರಿಸಿ ಸತ್ತವರಿದ್ದಾರೆ. ನಾನು ಲಿವರಿನ ಮೇಲೆ ಕೈಯಿಟ್ಟು ಕೋ-ಪೈಲಟ್ ರೂಬೆನ್‌ನನ್ನು ಕೇಳಿದೆ, "ಬಲಗಡೇದು ತಾನೇ?" ಅವನು ಮುಟ್ಟಿ ನೋಡಿ "ಬಲಗಡೇದೇ, ಅಕ್ಕ" ಎಂದ. ಆಮೇಲೆ ಅದರ ಇಂಧನ ನಿಲ್ಲಿಸಿದೆವು. ನಿಂತ ಪ್ರೊಪೆಲರ್ ಗಾಳಿಗೆ ಗೋಡೆಯಾಗದಂತೆ ಅದರ ಅಲಗುಗಳನ್ನು ಓರೆ ತಿರುಗಿಸಿದೆವು. ಎಡಗಡೆಯದಕ್ಕೆ ಇದ್ದ ಶಕ್ತಿಯನ್ನೆಲ್ಲ ಕೊಟ್ಟೆವು.

ಅಷ್ಟು ಮಾಡಿದರೂ ಒಂದು ಎಂಜಿನ್ ನಮ್ಮನ್ನು ಆ ಎತ್ತರದಲ್ಲಿ ಹಿಡಿಯಲಾರದು. ವಿಮಾನ ದಪ್ಪೆಂದು ಬೀಳುವುದಿಲ್ಲ, ಒಂದೇ ಸಮನೆ ಇಳಿಯುತ್ತ ಹೋಗುತ್ತದೆ. ಬೆಟ್ಟ ಎದುರಿಗಿದ್ದಾಗ ಮೂತಿ ಎತ್ತಬೇಕು ಅನ್ನಿಸುತ್ತದೆ. ಎತ್ತಿದರೆ ವೇಗ ಸತ್ತು ಕಲ್ಲಿನಂತೆ ಬೀಳುತ್ತೇವೆ. ಬೆಟ್ಟ ಮೇಲೇಳುವುದನ್ನು ನೋಡುತ್ತಲೇ ಮೂತಿ ತಗ್ಗಿಸಿ ಹಿಡಿಯಬೇಕು. ಇದನ್ನು ಕೈಗೆ ಕಲಿಸಬಹುದು, ಹೊಟ್ಟೆಗೆ ಕಲಿಸಲಾಗುವುದಿಲ್ಲ. ಎರಡೂ ಕಡೆ ಬಂಡೆ, ತಿರುಗಲು ಜಾಗವಿಲ್ಲ. ಮುಂದೆ ಬೆಟ್ಟಸಾಲಿನ ಕೊನೆಯ ಏಣು. ಅದನ್ನು ದಾಟಿದರೆ ಆಚೆ ನೆಲ ಇಳಿಜಾರು, ತಗ್ಗಿನ ಪೇಟೆಯ ಉದ್ದನೆಯ ರನ್‌ವೇ. ದಾಟುವಷ್ಟು ಎತ್ತರ ನಮ್ಮ ಹತ್ತಿರ ಇರಲಿಲ್ಲ. ಇದ್ದದ್ದು ಭಾರ.

ಆ ವಿಮಾನದ ಹಿಂಬಾಗಿಲು ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಇಳಿಯಲಾಗದ ಊರುಗಳಿಗೆ ಮೇಲಿಂದ ಅಕ್ಕಿ ಬೀಳಿಸುವುದಕ್ಕೆ ಮಾಡಿಸಿದ್ದು. ಅದರಿಂದ ಅಕ್ಕಿ, ಉಪ್ಪು, ತಗಡು ನೂಕಬಹುದಿತ್ತು. ಅವು ಮೊದಲು ಹೋಗಬೇಕಿತ್ತು. ಯಾಕೆ ಹೋಗಲಿಲ್ಲ ಗೊತ್ತೇ? ನಮ್ಮ ಕಂಪನಿಯಲ್ಲಿ ಪೆಟ್ಟಿಗೆಯನ್ನು ಎಲ್ಲಕ್ಕಿಂತ ಕೊನೆಗೆ ಹತ್ತಿಸಿ, ಎಲ್ಲರಿಗಿಂತ ಮೊದಲು ಇಳಿಸುತ್ತೇವೆ. ಸತ್ತವರ ಮೇಲೆ ಮೂಟೆ ಹೇರಬಾರದು, ಕಾದು ನಿಂತ ತಾಯಿ ಮೊದಲು ಅಕ್ಕಿ ಇಳಿಯುವುದನ್ನು ನೋಡಬಾರದು ಎಂದು. ಆ ಪದ್ಧತಿ ಹಾಕಿಸಿದವಳು ನಾನು. ನೀವು ಹಂಗಿಸಿದ ಅದೇ ತೊರಾಜದ ಹೆಂಗಸು, ಲೋಡರುಗಳ ಜೊತೆ ಜಗಳವಾಡಿ ಹಾಕಿಸಿದಳು. ಹಾಗಾಗಿ ಎಸ್ರೋನ್ ಬಾಗಿಲಿಗೆ ಅಡ್ಡ ಇದ್ದ. ಅವನು ಹೋಗದೆ ಅವನ ಹಿಂದಿನ ಒಂದು ಮೂಟೆಯೂ ಹೋಗುವಂತಿರಲಿಲ್ಲ. ಮರ್ಯಾದೆಗೆಂದು ಅಲ್ಲಿಟ್ಟೆ. ಅಲ್ಲಿದ್ದದ್ದಕ್ಕೇ ಮೊದಲು ಹೋದ.

ಆಮೇಲೆ ಅಕ್ಕಿ ಹೋಯಿತು, ಉಪ್ಪು ಹೋಯಿತು. ಏಣನ್ನು ದಾಟುವಾಗ ಮರಗಳ ಮೇಲಿನ ಪಾಚಿ ಕಾಣುತ್ತಿತ್ತು.

ಈಗ ಹೇಳಿ. ಒಬ್ಬ ಬಸುರಿ ಇದ್ದಳು. ನಿಮ್ಮ ಮಾವ ಇದ್ದರು. ನೀವು ನನ್ನ ಸೀಟಿನಲ್ಲಿದ್ದಿದ್ದರೆ ಯಾರನ್ನು ಇಟ್ಟುಕೊಳ್ಳುತ್ತಿದ್ದಿರಿ? ಹಗ್ಗ ಬಿಚ್ಚಿದ ಕೈ ಯಾರದೆಂದು ಕೇಳಿದ್ದೀರಿ. ಆ ವಿಮಾನದಲ್ಲಿ ನಡೆದದ್ದಕ್ಕೆಲ್ಲ ಕೈ ನನ್ನದು. ಇನ್ನೊಮ್ಮೆ ಕೇಳಬೇಡಿ.

ನನ್ನ ಅಪ್ಪ ಎರಡು ವರ್ಷದಿಂದ ನಮ್ಮ ಮನೆಯ ದಕ್ಷಿಣದ ಕೋಣೆಯಲ್ಲಿ ಮಲಗಿದ್ದಾರೆ. ನಾವು ಸತ್ತರು ಅನ್ನುವುದಿಲ್ಲ, ಮೈ ಸರಿಯಿಲ್ಲ ಅನ್ನುತ್ತೇವೆ. ಅಮ್ಮ ದಿನಾ ಬೆಳಿಗ್ಗೆ ಅವರ ಪಕ್ಕದಲ್ಲಿ ಕಾಫಿ ಇಡುತ್ತಾರೆ. ಪೇಪರಿನಲ್ಲಿ ಸುದ್ದಿ ಬಂದ ದಿನ ಅಮ್ಮ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ನಿಮ್ಮಪ್ಪನಿಗೆ ಇದನ್ನ ಹೇಳ್ಬೇಡ." ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಆದ್ದರಿಂದ ತೊರಾಜದ ಪಾಠ ನನಗೆ ಬೇಡ.

ದಿಮ್ಮಿ ತೆಗೆಯಿರಿ. ನಿಮ್ಮೂರ ಮಕ್ಕಳ ಲಸಿಕೆ ಇಲ್ಲಿನ ಗೋದಾಮಿನಲ್ಲಿ ಕಾಯುತ್ತಿದೆ. ಆ ಮಕ್ಕಳು ನಿಮಗೆ ಏನು ಮಾಡಿದ್ದಾರೆ?

ಡಮಾರಿಸ್

*

ಸೊಬಲೆಕ್, 19 ಮೇ 2017

ಕ್ಯಾಪ್ಟನ್ ಮೇಡಂ,

ಉತ್ತರದ ಕಾಡಿಗೆ ಹೋದ ಗಂಡಸರು ವಾಪಸ್ ಬಂದಿದ್ದಾರೆ. ಪೆಟ್ಟಿಗೆಯ ಚೂರೂ ಸಿಗಲಿಲ್ಲ, ಒಂದು ಕಾಳು ಅಕ್ಕಿಯೂ ಸಿಗಲಿಲ್ಲ. ವೆನಾಸ್ ಎಂಬವನು ಬಂಡೆಯಿಂದ ಜಾರಿ ಕಾಲು ಮುರಿದುಕೊಂಡ. ಮೊಣಕಾಲಿನ ಕೆಳಗೆ ಮೂಳೆ ಹೊರಗೆ ಬಂದಿತ್ತು. ಕಂಬಳಿಯಲ್ಲಿ ಹೊತ್ತು ತಂದರು. ಎಸ್ರೋನನ ಜೊತೆ ಆಡಿ ಬೆಳೆದವನು. ಈಗ ಮನೆಯ ಮೂಲೆಯಲ್ಲಿ ಮಲಗಿ ನನ್ನನ್ನು ಕಂಡಾಗಲೆಲ್ಲ ಕೇಳುತ್ತಾನೆ, "ಟೀಚರಮ್ಮ, ಇನ್ನೊಂದು ಕಾಲಿದೆ, ಇನ್ಯಾವ ಕಡೆ ಹೋಗ್ಲಿ?"

ನೀವು ಬರೆದದ್ದನ್ನು ಮಾವನಿಗೆ ಓದಿದೆ. ಹಗ್ಗದ ಮಾತು ಬಂದಾಗ ಎದ್ದು ಹೊರಗೆ ಹೋದ.

ನನ್ನನ್ನು ನಿಮ್ಮ ಸೀಟಿನಲ್ಲಿ ಕೂರಿಸಿ ಪ್ರಶ್ನೆ ಕೇಳಿದ್ದೀರಿ. ಉತ್ತರ ಕೊಡುತ್ತೇನೆ. ನಾನೂ ಬದುಕಿದವರನ್ನೇ ಇಟ್ಟುಕೊಳ್ಳುತ್ತಿದ್ದೆ. ಸತ್ತವನು ಸತ್ತಿದ್ದಾನೆ, ಅದು ನಮಗೂ ಗೊತ್ತು. ಬೆಟ್ಟದವರು ಅಷ್ಟು ದಡ್ಡರಲ್ಲ. ಆದರೆ ಇಳಿದ ಮೇಲೆ ಮೊದಲು ಮಾಡುವ ಕೆಲಸ, ಅವನ ತಾಯಿಗೆ ಇಂಥಲ್ಲಿ ಇದ್ದಾನೆ ಎಂದು ಹೇಳಿ ಕಳಿಸುತ್ತಿದ್ದೆ.

ಇನ್ನು ನನ್ನ ಪ್ರಶ್ನೆ. ಎರಡೂ ಕಡೆ ಬಂಡೆ, ತಿರುಗಲು ಜಾಗವಿಲ್ಲ ಎಂದು ಬರೆದಿದ್ದೀರಿ. ಮೇಡಂ, ಉತ್ತರದ ದಾರಿಯಲ್ಲಿ ನಾನು ನಡೆದಿದ್ದೇನೆ. ಅದು ದೊಡ್ಡ ಬಯಲು ಕಣಿವೆ, ಅಲ್ಲಿ ನಿಮ್ಮಂಥ ಹತ್ತು ವಿಮಾನ ಓಡಾಡಿಕೊಂಡಿರಬಹುದು. ಎರಡೂ ಕಡೆ ಬಂಡೆ ಇರುವುದು ಒಂದೇ ಕಡೆ, ದಕ್ಷಿಣದ ಗಂಡಿಯಲ್ಲಿ.

ಆ ದಿನ ನೀವು ಎಲ್ಲಿದ್ದಿರಿ?

ದಿಮ್ಮಿ ಅಲ್ಲೇ ಇದೆ.

ಡೊರ್ಟಿಯಾ

*

ಸೊಬಲೆಕ್, 30 ಜೂನ್ 2017

ನಿಮ್ಮಿಂದ ಉತ್ತರ ಬಂದಿಲ್ಲ. ಕಾಗದ ದಾರಿಯಲ್ಲಿ ಕಳೆದಿರಬಹುದು ಎಂದು ಪಾಸ್ಟರ್ ಹೇಳುತ್ತಾರೆ. ಅವರು ಎಲ್ಲರ ಬಗ್ಗೆಯೂ ಒಳ್ಳೆಯದನ್ನೇ ಯೋಚಿಸುತ್ತಾರೆ, ಅದಕ್ಕೆ ಅವರಿಗೆ ಸಂಬಳ ಬರುತ್ತದೆ.

ದಕ್ಷಿಣದ ಗಂಡಿ ಎಷ್ಟು ಉದ್ದ ಎಂದು ನಿಮಗೆ ಗೊತ್ತು. ಬಂಡೆಗೋಡೆಯ ಬುಡದಲ್ಲೆಲ್ಲ ಮೊಣಕಾಲುದ್ದ ಪಾಚಿ. ಎಲ್ಲಿ ಎಂದು ಹೇಳದಿದ್ದರೆ ಇನ್ನೊಂದು ಕಾಲು ಮುರಿಯುತ್ತದೆ. ಆ ಕಾಲಿನ ಲೆಕ್ಕ ನಿಮ್ಮ ಹೆಸರಿಗೆ.

ಡೊರ್ಟಿಯಾ

*

ವಾಮೆನಾ, 22 ಜುಲೈ 2017

ಡೊರ್ಟಿಯಾ,

ನಿಮ್ಮ ಎರಡೂ ಪತ್ರ ಬಂದಿದ್ದವು. ಯಾವುದೂ ದಾರಿಯಲ್ಲಿ ಕಳೆಯಲಿಲ್ಲ.

ಮೊದಲು ಜಾಗ. ದಕ್ಷಿಣದ ಗಂಡಿ. ವಾಮೆನಾ ಕಡೆಯಿಂದ ಒಳಗೆ ಬಂದರೆ ಎಡಕ್ಕೆ ಬಿಳಿಯ ಸುಣ್ಣಕಲ್ಲಿನ ಗೋಡೆ, ಅದರಿಂದ ಎರಡು ತೆಳುವಾದ ಜಲಪಾತ ಬೀಳುತ್ತವೆ. ಎರಡನೆಯದು ನನ್ನ ಎಡ ಭುಜದ ಸಾಲಿಗೆ ಬಂದಾಗ ಬಾಗಿಲಿನಿಂದ ಗಾಳಿ ನುಗ್ಗಿತು, ವಿಮಾನ ಒಮ್ಮೆ ಹಗುರಾಯಿತು. ಆ ಹಗುರ ನನಗೆ ಇನ್ನೂ ಬೆನ್ನಿನಲ್ಲಿ ಗೊತ್ತಾಗುತ್ತದೆ. ಅದೇ ಅವನು. ವಿಮಾನದ ವೇಗ ಅವನನ್ನು ಸ್ವಲ್ಪ ಮುಂದಕ್ಕೆ ಒಯ್ದಿರುತ್ತದೆ. ಎರಡನೆಯ ಜಲಪಾತದ ಬುಡದಿಂದ ಕೊನೆಯ ಏಣಿನ ಕಡೆಗೆ, ಕೂಗಿದರೆ ಕೇಳಿಸುವಷ್ಟು ದೂರದೊಳಗೆ ಹುಡುಕಿ. ಅಕ್ಕಿ ಅದಕ್ಕಿಂತ ಆಚೆ ಬಿದ್ದಿರುತ್ತದೆ. ಅಕ್ಕಿ ಸಿಕ್ಕರೆ ಮುಂದೆ ಹೋಗಿಬಿಟ್ಟಿದ್ದೀರಿ, ಹಿಂದೆ ಬನ್ನಿ.

ಇನ್ನು ಯಾಕೆ ಹೇಳಲಿಲ್ಲ ಎಂಬುದು. ಬೆಳಗಿನ ಹೊತ್ತು ಕಳೆದು ಮೋಡ ಕಟ್ಟತೊಡಗಿದ ಮೇಲೆ ದಕ್ಷಿಣದ ಗಂಡಿಯಲ್ಲಿ ಹಾರಬಾರದು. ಅದು ಬರೆದಿಟ್ಟ ನಿಯಮ. ಬಾಯಿಮಾತಿನ ನಿಯಮ ಬೇರೆ. ಗಂಡಿ ಹತ್ತಿರದ ದಾರಿ, ಇಂಧನ ಉಳಿಯುತ್ತದೆ, ಎಲ್ಲರೂ ಹೋಗುತ್ತಾರೆ, ಆಫೀಸು ಕಣ್ಣು ಮುಚ್ಚಿಕೊಂಡಿರುತ್ತದೆ. ಆ ದಿನ ನಾನು ಹೋದಾಗ ಗಂಡಿಯ ಬಾಯಿ ತೆರೆದಿತ್ತು, ಒಳಗೆ ಹೋದ ಮೇಲೆ ಹಿಂದೆ ಮೋಡ ಮುಚ್ಚಿತು. ಉತ್ತರದ ದಾರಿಯಲ್ಲಿದ್ದಿದ್ದರೆ ಎಂಜಿನ್ ನಿಂತ ಮೇಲೆ ಸುಮ್ಮನೆ ತಿರುಗಿ ವಾಮೆನಾಕ್ಕೆ ಇಳಿಜಾರಿನಲ್ಲಿ ಬರಬಹುದಿತ್ತು. ಬಾಗಿಲು ತೆರೆಯಬೇಕಾಗಿಯೇ ಇರಲಿಲ್ಲ. ಇದನ್ನು ಬರೆಯಲು ನನಗೆ ಇಷ್ಟು ತಿಂಗಳು ಬೇಕಾಯಿತು. ಕಳೆದ ಪತ್ರದಲ್ಲಿ ನಿಮ್ಮನ್ನು ನನ್ನ ಸೀಟಿನಲ್ಲಿ ಕೂರಿಸಿ ಅಷ್ಟು ದೊಡ್ಡ ಪ್ರಶ್ನೆ ಕೇಳಿದೆನಲ್ಲ, ಆ ಸೀಟು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಮಾತ್ರ ಹೇಳಲಿಲ್ಲ.

ತಗ್ಗಿನ ಪೇಟೆಯಲ್ಲಿ ಇಳಿದ ಕೂಡಲೇ ಮ್ಯಾನೇಜರ್ ಫೋನ್ ಬಂತು. "ಎಲ್ಲಾ ಕ್ಷೇಮ ತಾನೇ? ಉತ್ತರದ ದಾರಿ ಅಲ್ವಾ, ಡಮಾರಿಸ್?" ಎಂದರು. ನಾನು "ಹೌದು" ಎಂದೆ. ರೂಬೆನ್ ಪಕ್ಕದಲ್ಲಿದ್ದ, ಬೂಟಿನ ದಾರ ಕಟ್ಟಲು ಬಗ್ಗಿದ. ದಕ್ಷಿಣ ಎಂದರೆ ನನ್ನ ಲೈಸೆನ್ಸ್ ಹೋಗುತ್ತದೆ, ಹತ್ತೊಂಬತ್ತು ವರ್ಷದ ಕೆಲಸ ಹೋಗುತ್ತದೆ ಎಂದು ಆಗ ನನಗೆ ಗೊತ್ತಿತ್ತು. ಸುಳ್ಳು ಹೇಳಿದರೆ ಬೇರೊಬ್ಬರ ಮೂಳೆ ಮುರಿಯುತ್ತದೆ ಎಂದು ಗೊತ್ತಿರಲಿಲ್ಲ ಅನ್ನೋಣವೆಂದರೆ, ಏಪ್ರಿಲ್‌ನಲ್ಲಿ ನಿಮ್ಮ ಜನ ಉತ್ತರಕ್ಕೆ ಹೊರಟಿದ್ದಾರೆ ಎಂಬ ಕಾಗದ ನನ್ನ ಕೈಯಲ್ಲಿತ್ತು. ಆದರೂ ಜಗಳದ ಪತ್ರ ಬರೆದೆ.

ಕಳೆದ ವಾರ ತನಿಖೆಯವರ ಮುಂದೆ ದಕ್ಷಿಣ ಎಂದೆ. ಲೈಸೆನ್ಸ್ ತೆಗೆದುಕೊಂಡಿದ್ದಾರೆ, ವಾಪಸ್ ಬರುವುದಿಲ್ಲ. ಕಂಪನಿಯ ಮನೆ ಬಿಟ್ಟಿದ್ದೇನೆ. ನೀವು ಹಿಡಿಯದೇ ಇದ್ದಿದ್ದರೆ ನಾನೇ ಹೇಳುತ್ತಿದ್ದೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೌದು ಎಂಬ ಉತ್ತರ ಒಂದು ಸಲವೂ ಬಂದಿಲ್ಲ.

ಕ್ಷಮೆ ಕೇಳುವ ಸಾಲು ಬರೆದು ಹೊಡೆದು ಹಾಕಿದ್ದೇನೆ. ಅದನ್ನು ಕಾಗದದಲ್ಲಿ ಕೇಳಬಾರದು ಅನ್ನಿಸಿತು.

ಡಮಾರಿಸ್

*

ಸೊಬಲೆಕ್, 3 ಸೆಪ್ಟೆಂಬರ್ 2017

ಕ್ಯಾಪ್ಟನ್ ಮೇಡಂ,

ಸಿಕ್ಕಿದ. ಎರಡನೆಯ ನೀರಿನಿಂದ ಏಣಿನ ಕಡೆಗೆ, ನೀವು ಹೇಳಿದ ಹಾಗೆಯೇ. ಮೊದಲು ಅಕ್ಕಿ ಸಿಕ್ಕಿತು, ಕಾಡುಹಂದಿಗಳು ಚೀಲ ಹರಿದಿದ್ದವು. ಹಿಂದಕ್ಕೆ ಬಂದೆವು. ಪೆಟ್ಟಿಗೆ ಪಾಚಿಯಲ್ಲಿ ಅರ್ಧ ಹೂತಿತ್ತು, ಮುಚ್ಚಳ ಬೇರೆ ಕಡೆ ಬಿದ್ದಿತ್ತು. ಸಿಕ್ಕಿದ್ದು ಪೂರ್ತಿ ಅವನಲ್ಲ. ಸಿಕ್ಕಷ್ಟನ್ನು ಅವ್ವ ತನ್ನ ಹೆಣೆದ ಚೀಲದಲ್ಲಿ ಹಾಕಿಕೊಂಡಳು. ಮಗುವಾಗಿದ್ದಾಗ ಅವನನ್ನು ಅಂಥದೇ ಚೀಲದಲ್ಲಿ ಹೊತ್ತಿದ್ದಳು. ಊರಿಗೆ ತರುವುದು ಬೇಡ, ಇನ್ನು ಅವನನ್ನು ಯಾರೂ ಹೊರುವುದು ಬೇಡ ಎಂದಳು. ಅಲ್ಲೇ ಸೌದೆ ಒಟ್ಟಿ, ನಮ್ಮ ಹಿರಿಯರು ಮಾಡುತ್ತಿದ್ದ ಹಾಗೆ ಸುಟ್ಟೆವು. ಪಾಸ್ಟರ್ ಗೊಣಗಿದರು. ಅವ್ವ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಬೆಂಕಿ ಹತ್ತಿದ ಮೇಲೆ ಮಾವ ನೆಲಕ್ಕೆ ಬಿದ್ದು ಅತ್ತ. "ನಾನೇ ಕಣಕ್ಕ ಹಗ್ಗ ಬಿಚ್ಚಿದ್ದು" ಎಂದ. "ಪೈಲಟಮ್ಮ ಕೂಗಿದ್ರು. ಯಾರೂ ಏಳಲಿಲ್ಲ. ಬೇರೆಯವರು ಅವನನ್ನ ಮುಟ್ಟೋದು ಬೇಡ ಅಂತ ನಾನೇ ಎದ್ದೆ. 'ಹೋಗ್ಬಾ ಮಗಾ' ಅಂತ ನೂಕಿದೆ." ಅವ್ವ ಗೆಣಸು ಅಗೆಯುವ ಕೋಲಿನಿಂದ ಅವನ ಬೆನ್ನಿಗೆ ಬಾರಿಸಿದಳು. ಕೋಲು ಮುರಿಯುವವರೆಗೆ ಬಾರಿಸಿದಳು. ಆಮೇಲೆ ಅವನ ಪಕ್ಕದಲ್ಲೇ ಕೂತು ಸೋರೆಬುರುಡೆಯಿಂದ ನೀರು ಕುಡಿಸಿದಳು.

ತಗ್ಗಿನ ಪೇಟೆಯಲ್ಲಿ ನಿಮ್ಮ ಕೈ ಹಿಡಿದುಕೊಂಡು, ಊರಿನವರಿಗೆ ತನ್ನ ಹೆಸರು ಹೇಳಬೇಡಿ ಎಂದು ಬೇಡಿಕೊಂಡಿದ್ದನಂತೆ. ನೀವು ಹೇಳಲಿಲ್ಲ. ನಾನು ಬರೆದದ್ದನ್ನೆಲ್ಲ ನುಂಗಿಕೊಂಡು ಕೂತಿರಿ. ಇದನ್ನು ಕೇಳಿ ನನ್ನ ಸಿಟ್ಟು ಇಳಿಯುತ್ತದೆ ಎಂದು ಅಂದುಕೊಂಡೆ. ಜಾಸ್ತಿಯಾಯಿತು. ಬಾಯಿ ಮುಚ್ಚಿಕೊಂಡು ಮಾವನನ್ನು ಕಾಪಾಡಿದಿರಿ. ಅದೇ ಬಾಯಿ ಮುಚ್ಚಿಕೊಂಡು ವೆನಾಸನ ಕಾಲು ಮುರಿದಿರಿ. ಎರಡಕ್ಕೂ ಬೇರೆ ಬೇರೆ ಬಾಯಿ ಇದ್ದಿದ್ದರೆ ಒಂದನ್ನಾದರೂ ಕ್ಷಮಿಸುತ್ತಿದ್ದೆ. ವೆನಾಸ್ ಈಗ ಊರುಗೋಲಿನಲ್ಲಿ ನಡೆಯುತ್ತಾನೆ. ಕಾಲು ಸೊಟ್ಟಗೆ ಕೂಡಿಕೊಂಡಿದೆ.

ನಿಮ್ಮ ಲೈಸೆನ್ಸ್ ಹೋದದ್ದಕ್ಕೆ ನನಗೆ ಸಂತೋಷವೂ ಆಗಿಲ್ಲ, ದುಃಖವೂ ಆಗಿಲ್ಲ. ನಿಮ್ಮ ಮ್ಯಾನೇಜರ್ ಇನ್ನೂ ಕುರ್ಚಿಯಲ್ಲಿದ್ದಾನೆ ಎಂದು ಕೇಳಿದೆ. ಅದಕ್ಕೆ ಮಾತ್ರ ಮೈ ಉರಿಯಿತು.

ದಿಮ್ಮಿ ತೆಗೆದಿದ್ದೇವೆ. ಲಸಿಕೆ ಬಂತು. ವಿಮಾನಗಳು ಬರಲಿ. ನೀವು ಮಾತ್ರ ಅದರಲ್ಲಿ ಬರಬೇಡಿ, ನಡೆದು ಬನ್ನಿ. ಅವ್ವ ನಿಮ್ಮನ್ನು ನೋಡಬೇಕಂತೆ. ಯಾಕೆ ಎಂದು ಕೇಳಿದೆ, "ಮುಖ ನೋಡ್ಬೇಕು" ಎಂದಳು, ಅಷ್ಟೇ. ನಮ್ಮ ಮನೆಯಲ್ಲಿ ಗೆಣಸು ಸಿಗುತ್ತದೆ. ಮಾತು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ.

ಆದರೆ ಮೊದಲು ನಮ್ಮ ಮನೆಗೆ ಬರಬೇಡಿ. ಕಾಲುದಾರಿ ಗಂಡಿಯ ಕೆಳಗೇ ಹಾದು ಬರುತ್ತದೆ. ಬೂದಿ ಇರುವಲ್ಲಿ ಬೇಲಿ ಕಟ್ಟಿದ್ದೇವೆ, ದಾರಿಯಿಂದಲೇ ಕಾಣುತ್ತದೆ. ಅಲ್ಲಿ ನಿಂತು ಅವನಿಗೆ ಎಲ್ಲವನ್ನೂ ಹೇಳಿ. ನನಗೆ ಬರೆದ ಹಾಗೆ ಎಂಜಿನ್ನಿನಿಂದ ಶುರು ಮಾಡಬೇಡಿ. ಯಾವ ದಾರಿ ಹಿಡಿದಿರಿ ಎಂಬಲ್ಲಿಂದ ಶುರು ಮಾಡಿ.

ಡೊರ್ಟಿಯಾ